ಕ್ರೀಡಾ ವೈದ್ಯ ಮತ್ತು ಬೆನ್ನುಮೂಳೆಯ ಶಸ್ತ್ರಚಿಕಿತ್ಸಾರಹಿತ ಆರೈಕೆ

ಕ್ರೀಡಾ ವೈದ್ಯ ಎಂದರೆ ಆಟ, ವ್ಯಾಯಾಮ ಹಾಗೂ ದೈಹಿಕ ಶ್ರಮದಿಂದ ಮೂಳೆ, ಸ್ನಾಯು, ಕೀಲು ಮತ್ತು ನರಗಳಿಗೆ ಉಂಟಾಗುವ ತೊಂದರೆಗಳನ್ನು ಗುರುತಿಸಿ, ಚಿಕಿತ್ಸೆ ನೀಡಿ, ವ್ಯಕ್ತಿಯನ್ನು ಮತ್ತೆ ಚಟುವಟಿಕೆಗೆ ಸಿದ್ಧಗೊಳಿಸುವ ತಜ್ಞ ವೈದ್ಯ. ಈ ವೈದ್ಯರಲ್ಲಿ ಕೆಲವರು ಬೆನ್ನುಮೂಳೆಯ ತೊಂದರೆಗಳಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಆರೈಕೆ ನೀಡುವುದರಲ್ಲಿ ವಿಶೇಷ ಪರಿಣತಿ ಪಡೆದಿರುತ್ತಾರೆ. ಬೆನ್ನುನೋವಿನ ಬಹುಪಾಲು ಪ್ರಕರಣಗಳು ಶಸ್ತ್ರಚಿಕಿತ್ಸೆಯಿಲ್ಲದೆ ಗುಣವಾಗುತ್ತವೆ. ಯಾವ ರೋಗಿಗೆ ಅದು ನಿಜವಾಗಿ ಅಗತ್ಯ ಎಂಬುದನ್ನು ಸಕಾಲದಲ್ಲಿ ಗುರುತಿಸುವುದು ಈ ತಜ್ಞರ ಮುಖ್ಯ ಹೊಣೆಯಾಗಿದೆ.

ಹಿನ್ನೆಲೆ

ಕ್ರೀಡಾ ವೈದ್ಯಕೀಯದ ಅಂತಾರಾಷ್ಟ್ರೀಯ ಒಕ್ಕೂಟವು 1928ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನಲ್ಲಿ ಚಳಿಗಾಲದ ಒಲಿಂಪಿಕ್ ಕ್ರೀಡಾಕೂಟದ ಸಂದರ್ಭದಲ್ಲಿ ಸ್ಥಾಪನೆಯಾಯಿತು. ಭಾರತದಲ್ಲಿ 1961ರಲ್ಲಿ ಪಟಿಯಾಲದಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯು ತರಬೇತುದಾರರ ಶಿಕ್ಷಣದೊಂದಿಗೆ ಈ ಶಾಖೆಯ ಬೆಳವಣಿಗೆಗೂ ನೆಲೆಯಾಯಿತು. ಎಂಬಿಬಿಎಸ್ ಪದವಿಯ ನಂತರ ಕ್ರೀಡಾ ವೈದ್ಯಕೀಯದಲ್ಲಿ ಅಥವಾ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ವಿಭಾಗದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿದವರು ಈ ಕ್ಷೇತ್ರವನ್ನು ಪ್ರವೇಶಿಸುತ್ತಾರೆ.

ಡಿಸ್ಕ್ ಜಾರುವಿಕೆಗೂ ಕಾಲಿಗೆ ಹರಿಯುವ ನೋವಿಗೂ ಇರುವ ಸಂಬಂಧವನ್ನು 1934ರಲ್ಲಿ ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು ವಿವರಿಸಿದರು. ಆ ಬಳಿಕ ಡಿಸ್ಕ್ ಶಸ್ತ್ರಚಿಕಿತ್ಸೆ ವ್ಯಾಪಕವಾಯಿತು. ಅದು ಎಲ್ಲರಿಗೂ ಅಗತ್ಯವಲ್ಲ ಎಂಬ ತಿಳಿವಳಿಕೆ ನಂತರದ ದಶಕಗಳ ಅಧ್ಯಯನಗಳಿಂದ ಬಲಗೊಂಡಿತು.

ಬೆನ್ನುಮೂಳೆಯ ರಚನೆ

ಬೆನ್ನುಹುರಿಯನ್ನು ರಕ್ಷಿಸುವ ಬೆನ್ನುಮೂಳೆಯಲ್ಲಿ ಚಲಿಸಬಲ್ಲ 24 ಕಶೇರುಗಳಿವೆ. ಅವುಗಳಲ್ಲಿ 7 ಕುತ್ತಿಗೆಯಲ್ಲಿ, 12 ಎದೆಯ ಭಾಗದಲ್ಲಿ ಮತ್ತು 5 ಸೊಂಟದಲ್ಲಿವೆ. ಕಶೇರುಗಳ ನಡುವೆ ಮೆತ್ತೆಯಂತಿರುವ ಡಿಸ್ಕ್‌ಗಳು ಆಘಾತವನ್ನು ಹೀರಿಕೊಳ್ಳುತ್ತವೆ. ಡಿಸ್ಕಿನ ಒಳಗಿನ ಮೃದು ಭಾಗ ಹೊರಚಾಚಿ ನರವನ್ನು ಒತ್ತಿದಾಗ ಪೃಷ್ಠದಿಂದ ಪಾದದವರೆಗೆ ಹರಿಯುವ ನೋವು ಕಾಣಿಸಿಕೊಳ್ಳಬಹುದು. ಇದನ್ನು ಸಯಾಟಿಕಾ ಎನ್ನುತ್ತಾರೆ.

ರೋಗನಿರ್ಣಯ

ವೈದ್ಯರು ಮೊದಲು ನೋವಿನ ಸ್ವರೂಪ, ರೋಗಿಯ ವೃತ್ತಿ, ಆಟದ ಪ್ರಮಾಣ ಹಾಗೂ ಹಿಂದಿನ ಗಾಯಗಳ ವಿವರ ಪಡೆಯುತ್ತಾರೆ. ಅನಂತರ ಸ್ನಾಯುಬಲ, ಸ್ಪರ್ಶಜ್ಞಾನ ಮತ್ತು ಪ್ರತಿವರ್ತನೆಗಳನ್ನು ಪರೀಕ್ಷಿಸುತ್ತಾರೆ. ಸಾಮಾನ್ಯ ಬೆನ್ನುನೋವಿಗೆ ಆರಂಭದಲ್ಲಿಯೇ ಎಂಆರ್‌ಐ ಅಗತ್ಯವಿರುವುದಿಲ್ಲ. 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ನೋವೇ ಇಲ್ಲದ 20 ವರ್ಷದವರಲ್ಲಿ ಶೇ. 37ರಷ್ಟು ಹಾಗೂ 80 ವರ್ಷದವರಲ್ಲಿ ಶೇ. 96ರಷ್ಟು ಜನರಿಗೆ ಡಿಸ್ಕ್ ಸವೆತ ಕಂಡುಬಂದಿತ್ತು. ಆದ್ದರಿಂದ ಚಿತ್ರದಲ್ಲಿ ಕಾಣುವ ಪ್ರತಿಯೊಂದು ಬದಲಾವಣೆಯೂ ನೋವಿನ ಕಾರಣವಲ್ಲ.

ಚಿಕಿತ್ಸಾ ವಿಧಾನಗಳು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನ 61.9 ಕೋಟಿ ಜನರು ಸೊಂಟನೋವಿನಿಂದ ಬಳಲುತ್ತಿದ್ದರು. ಆ ಸಂಸ್ಥೆಯು ದೀರ್ಘಕಾಲದ ಸೊಂಟನೋವಿನ ಬಗ್ಗೆ ಡಿಸೆಂಬರ್ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯು ರೋಗಿಗೆ ತಿಳಿವಳಿಕೆ, ವ್ಯಾಯಾಮ, ಕೆಲವು ಭೌತಿಕ ಚಿಕಿತ್ಸೆಗಳು, ಮನೋವೈಜ್ಞಾನಿಕ ನೆರವು ಹಾಗೂ ಉರಿಯೂತ ನಿವಾರಕ ಔಷಧಗಳನ್ನು ಸೂಚಿಸುತ್ತದೆ. ಸೊಂಟಪಟ್ಟಿ, ಎಳೆತದ ಚಿಕಿತ್ಸೆ ಹಾಗೂ ಓಪಿಯಾಯ್ಡ್ ನೋವುನಿವಾರಕಗಳನ್ನು ವಾಡಿಕೆಯಾಗಿ ಬಳಸಬಾರದೆಂದು ಅದು ಹೇಳುತ್ತದೆ.

ದೀರ್ಘ ವಿಶ್ರಾಂತಿಯೂ ಹಿತಕರವಲ್ಲ. ತೀವ್ರ ಸೊಂಟನೋವಿಗೆ 2 ದಿನ ಮತ್ತು 7 ದಿನಗಳ ಹಾಸಿಗೆ ವಿಶ್ರಾಂತಿಯನ್ನು ಹೋಲಿಸಿದ 1986ರ ಅಮೆರಿಕದ ಅಧ್ಯಯನವೊಂದರಲ್ಲಿ, ಕಡಿಮೆ ವಿಶ್ರಾಂತಿ ಸೂಚಿಸಲ್ಪಟ್ಟವರು ಅಷ್ಟೇ ಚೆನ್ನಾಗಿ ಗುಣಮುಖರಾದರು. ಅವರು ಕೆಲಸ ಕಳೆದುಕೊಂಡ ದಿನಗಳೂ ಕಡಿಮೆಯಿದ್ದವು.

ಸಯಾಟಿಕಾದ ತೀವ್ರ ನೋವಿಗೆ ಆಯ್ದ ರೋಗಿಗಳಲ್ಲಿ ಬೆನ್ನುಹುರಿಯ ಹೊದಿಕೆಯ ಹೊರಭಾಗಕ್ಕೆ ಸ್ಟಿರಾಯ್ಡ್ ಚುಚ್ಚುಮದ್ದು ನೀಡಲಾಗುತ್ತದೆ. ಇದರ ಪರಿಣಾಮ ಸಾಮಾನ್ಯವಾಗಿ ಅಲ್ಪಕಾಲಿಕ. ಕ್ರೀಡಾಪಟುಗಳ ವಿಷಯದಲ್ಲಿ ಉದ್ದೀಪನ ಮದ್ದು ನಿಯಮಗಳನ್ನೂ ಗಮನಿಸಬೇಕಾಗುತ್ತದೆ. 1 ಜನವರಿ 2022ರಿಂದ ಸ್ಪರ್ಧೆಯ ಅವಧಿಯಲ್ಲಿ ಎಲ್ಲ ಬಗೆಯ ಗ್ಲುಕೋಕಾರ್ಟಿಕಾಯ್ಡ್ ಚುಚ್ಚುಮದ್ದುಗಳು ನಿಷೇಧಿತವಾಗಿದ್ದು, ಚಿಕಿತ್ಸೆಗೆ ಅನಿವಾರ್ಯವಾದಾಗ ವಿಶೇಷ ವಿನಾಯಿತಿ ಪಡೆಯಬೇಕು.

ವೇಗದ ಬೌಲರ್‌ಗಳ ಬೆನ್ನಿನ ಗಾಯ

ಚೆಂಡೆಸೆಯುವಾಗ ಸೊಂಟ ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಗುವುದರಿಂದ ಕೆಳ ಕಶೇರುಗಳ ಹಿಂಭಾಗದ ಮೇಲೆ ಮತ್ತೆ ಮತ್ತೆ ಒತ್ತಡ ಬೀಳುತ್ತದೆ. ಮೂಳೆ ಚೇತರಿಸಿಕೊಳ್ಳುವ ಮುನ್ನವೇ ಒತ್ತಡ ಮುಂದುವರಿದರೆ ಸೂಕ್ಷ್ಮ ಬಿರುಕು ಮೂಡುತ್ತದೆ. ಇದನ್ನು ಸ್ಟ್ರೆಸ್ ಫ್ರಾಕ್ಚರ್ ಎನ್ನುತ್ತಾರೆ. ಬೆಳವಣಿಗೆಯ ಹಂತದಲ್ಲಿರುವ ಹದಿಹರೆಯದ ಬೌಲರ್‌ಗಳಿಗೆ ಇದರ ಅಪಾಯ ಹೆಚ್ಚು. ಬೌಲಿಂಗ್ ನಿಲ್ಲಿಸುವುದು, ಮಧ್ಯಭಾಗದ ಸ್ನಾಯುಗಳನ್ನು ಬಲಪಡಿಸುವುದು ಹಾಗೂ ಓವರ್‌ಗಳ ಸಂಖ್ಯೆಯನ್ನು ಹಂತಹಂತವಾಗಿ ಹೆಚ್ಚಿಸುವುದು ಇದರ ಪ್ರಮುಖ ಚಿಕಿತ್ಸೆ. ಇದಕ್ಕೆ ತಿಂಗಳುಗಳೇ ಬೇಕಾಗಬಹುದು.

ಜಸ್‌ಪ್ರೀತ್ ಬುಮ್ರಾ 2019ರಲ್ಲಿ ಇಂತಹ ಗಾಯದಿಂದ ಶಸ್ತ್ರಚಿಕಿತ್ಸೆಯಿಲ್ಲದೆ ಚೇತರಿಸಿಕೊಂಡು ಜನವರಿ 2020ರಲ್ಲಿ ತಂಡಕ್ಕೆ ಮರಳಿದರು. 2022ರಲ್ಲಿ ಬೆನ್ನಿನ ತೊಂದರೆ ಮರುಕಳಿಸಿದಾಗ ಮಾರ್ಚ್ 2023ರಲ್ಲಿ ನ್ಯೂಜಿಲೆಂಡಿನಲ್ಲಿ ಅವರಿಗೆ ಶಸ್ತ್ರಚಿಕಿತ್ಸೆ ಮಾಡಲಾಯಿತು. ಕರ್ನಾಟಕದ ಪ್ರಸಿದ್ಧ್ ಕೃಷ್ಣ ಸಹ ಸೊಂಟದ ಸ್ಟ್ರೆಸ್ ಫ್ರಾಕ್ಚರ್‌ನಿಂದಾಗಿ 2023ರ ಐಪಿಎಲ್‌ನಿಂದ ಹೊರಗುಳಿದರು. ಇಬ್ಬರೂ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಪುನಶ್ಚೇತನ ಪಡೆದು ಆಗಸ್ಟ್ 2023ರ ಐರ್ಲೆಂಡ್ ಸರಣಿಯಲ್ಲಿ ಆಡಿದರು. 2000ದಲ್ಲಿ ಆರಂಭವಾದ ಈ ಅಕಾಡೆಮಿಯ ಹೊಸ ಆವರಣವು ಸೆಪ್ಟೆಂಬರ್ 2024ರಲ್ಲಿ ಉದ್ಘಾಟನೆಗೊಂಡಿತು.

ಶಸ್ತ್ರಚಿಕಿತ್ಸೆ ಅಗತ್ಯವಾಗುವ ಸಂದರ್ಭಗಳು

ಸಯಾಟಿಕಾ 6ರಿಂದ 12 ವಾರ ಕಾಡಿದ 283 ರೋಗಿಗಳ ಮೇಲೆ ನಡೆದ ನೆದರ್‌ಲೆಂಡ್ಸ್‌ನ ಅಧ್ಯಯನದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಬೇಗನೆ ಶಸ್ತ್ರಚಿಕಿತ್ಸೆಗೆ ಒಳಗಾದವರ ನೋವು ಶೀಘ್ರ ಇಳಿಯಿತು. ಆದರೆ ಒಂದು ವರ್ಷದ ಕೊನೆಗೆ ಎರಡೂ ಗುಂಪುಗಳಲ್ಲಿ ಶೇ. 95ರಷ್ಟು ಮಂದಿ ಚೇತರಿಸಿಕೊಂಡಿದ್ದರು. ಕಾಯುವ ಗುಂಪಿನ ಶೇ. 39ರಷ್ಟು ಜನರಿಗೆ ನಂತರ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು.

ಕೆಲವು ಸಂದರ್ಭಗಳಲ್ಲಿ ಕಾಯುವುದು ಅಪಾಯಕರ. ಮಲಮೂತ್ರಗಳ ಮೇಲಿನ ಹತೋಟಿ ತಪ್ಪುವುದು ಅಥವಾ ಮೂತ್ರ ಕಟ್ಟುವುದು, ತೊಡೆಸಂದಿನ ಸುತ್ತ ಸ್ಪರ್ಶ ತಿಳಿಯದಿರುವುದು, ಕಾಲಿನ ಬಲ ಕ್ರಮೇಣ ಕುಗ್ಗುವುದು ಇವು ತುರ್ತು ಲಕ್ಷಣಗಳು. ಇಂತಹ ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಬಿದ್ದು ಪೆಟ್ಟಾದ ಬಳಿಕದ ತೀವ್ರ ನೋವು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಕ್ಯಾನ್ಸರ್ ಅಥವಾ ಕ್ಷಯದ ಹಿನ್ನೆಲೆ ಇದ್ದಲ್ಲಿಯೂ ಶೀಘ್ರ ತಪಾಸಣೆ ಅಗತ್ಯ.

ಗ್ರಾಮೀಣ ಸಂದರ್ಭ

ಬೆನ್ನಿನ ಗಾಯ ಕ್ರೀಡಾಪಟುಗಳಿಗಷ್ಟೇ ಸೀಮಿತವಲ್ಲ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ಭಾಗವು ತೊಗರಿ ಬೆಳೆಯುವ ಪ್ರದೇಶ. ಆಳಂದ ತಾಲ್ಲೂಕಿನ ನಿಂಬರ್ಗಾದಂತಹ ಊರುಗಳ ಕೃಷಿಕರು ಕಳೆ ತೆಗೆಯುವಾಗ, ಬೆಳೆ ಕೊಯ್ಯುವಾಗ ಗಂಟೆಗಟ್ಟಲೆ ಬಾಗಿರುತ್ತಾರೆ. ರಾಶಿಯ ಬಳಿಕ ಚೀಲಗಳನ್ನು ಹೊರುತ್ತಾರೆ. ಉತ್ತರ ಕರ್ನಾಟಕದ ಗರಡಿಮನೆಗಳ ಕುಸ್ತಿ ಹಾಗೂ ಜಾತ್ರೆಗಳ ಗುಂಡು ಎತ್ತುವ ಸ್ಪರ್ಧೆಗಳಲ್ಲಿಯೂ ಸೊಂಟದ ಮೇಲೆ ಭಾರೀ ಹೊರೆ ಬೀಳುತ್ತದೆ.

ಬೌಲರ್‌ಗೆ ಅನ್ವಯಿಸುವ ತತ್ತ್ವವೇ ಇವರಿಗೂ ಅನ್ವಯಿಸುತ್ತದೆ. ಹೊರೆಯನ್ನು ದೇಹಕ್ಕೆ ಹತ್ತಿರ ಹಿಡಿದು ಮಂಡಿ ಬಾಗಿಸಿ ಎತ್ತುವುದು, ದೊಡ್ಡ ಚೀಲವನ್ನು ಇಬ್ಬರು ಹಿಡಿಯುವುದು, ಕೆಲಸದ ನಡುವೆ ಭಂಗಿ ಬದಲಿಸುವುದು, ನೋವು ಬಂದಾಗ ಹಗುರ ಕೆಲಸದಿಂದ ಆರಂಭಿಸಿ ಕ್ರಮೇಣ ಹೆಚ್ಚಿಸುವುದು ಇದರ ಸರಳ ರೂಪಗಳು. ದಿನಗೂಲಿಯವರಿಗೆ ವಾರಗಟ್ಟಲೆ ಮಲಗುವುದೆಂದರೆ ಆದಾಯದ ನಷ್ಟ. ಆದ್ದರಿಂದ ಚಲನೆಯನ್ನು ಉಳಿಸಿಕೊಂಡೇ ಗುಣಪಡಿಸುವ ಈ ವಿಧಾನವು ಗ್ರಾಮೀಣ ದುಡಿಮೆಗಾರರಿಗೆ ವಿಶೇಷವಾಗಿ ಉಪಯುಕ್ತವಾಗಿದೆ.