ಸಹಾನುಭೂತಿಯ ಬಹಿರಂಗ ಚಿಹ್ನೆಗಳು: ಒಂದು ಐತಿಹಾಸಿಕ ವಿವೇಚನೆ

ಎಲ್ಲಿಯಾದರೊಂದು ಅನ್ಯಾಯವು ನಡೆದೊಡನೆ ಸಹಸ್ರಾರು ಜನರು ತಮ್ಮ ಮೊಬೈಲಿನ ಭಾವಚಿತ್ರವನ್ನು ಬದಲಿಸಿ, ನೊಂದವರೊಡನೆ ತಾವಿರುವುದಾಗಿ ಸಾರುವುದು ಈಗ ವಾಡಿಕೆಯಾಗಿದೆ. ಇದು ಅಂತಃಕರಣದಿಂದ ಹುಟ್ಟಿದುದೋ, ಬರಿಯ ಪ್ರದರ್ಶನವೋ ಎಂದು ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು. ಇತಿಹಾಸದ ಅಭ್ಯಾಸಿಗಳಿಗೆ ಈ ಪ್ರಶ್ನೆಯು ಹೊಸದಲ್ಲ.

ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಬಂಡೆಗಲ್ಲಿನ ಶಾಸನವಿದೆಯಷ್ಟೆ. ಮೂರು ಪಂಕ್ತಿಗಳ ಈ ಪ್ರಾಕೃತ ಶಾಸನವು ಆತನು ಕೆರೆ ಕಟ್ಟಿಸಿದುದನ್ನು ಹೇಳುತ್ತದೆ. ಅದರೊಡನೆ ಪಲ್ಲವ, ಆಭೀರ, ತ್ರೈಕೂಟಕ, ಮೌಖರಿ ಮೊದಲಾದವರನ್ನು ಆತನು ಗೆದ್ದನೆಂಬ ಅರ್ಥ ಬರುವಂತೆ ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಓದಿದರು. ಅಷ್ಟು ದೂರದ ದಿಗ್ವಿಜಯವನ್ನು ಅನೇಕ ವಿದ್ವಾಂಸರು ಒಪ್ಪಿಲ್ಲ. ಆ ಪಾಠವನ್ನೇ ಶಂಕಿಸಿದವರೂ ಉಂಟು. ಆದರೆ ಕೆರೆಯ ಮಾತನ್ನು ಯಾರೂ ಆತ್ಮಪ್ರಶಂಸೆಯೆಂದು ತಳ್ಳಿಹಾಕುವುದಿಲ್ಲ. ಒಂದೇ ಬಂಡೆಯ ಮೇಲೆ ಸೇವೆಯೂ ಕೀರ್ತಿಕಾಮನೆಯೂ ಜೊತೆಯಾಗಿ ನಿಲ್ಲಬಹುದೆಂಬುದು ಇದರಿಂದ ವಿದಿತವಾಗುತ್ತದೆ. ಕೀರ್ತಿಯನ್ನು ಬಯಸಿದನೆಂಬ ಮಾತ್ರಕ್ಕೆ ಕೆರೆಯು ಬತ್ತಿಹೋಗುವುದಿಲ್ಲ.

ಇನ್ನೊಂದು ನಿದರ್ಶನವು ಇದೇ ಜಿಲ್ಲೆಯ ತುರುವನೂರಿನದು. 1939ರಲ್ಲಿ ಅಲ್ಲಿ ಸತ್ಯಾಗ್ರಹಿಗಳು ಸರ್ಕಾರದ ಆಜ್ಞೆಯನ್ನು ಮೀರಿ ಈಚಲ ಮರಗಳನ್ನು ಕಡಿದರು. ಎಸ್. ನಿಜಲಿಂಗಪ್ಪನವರೇ ಮೊದಲಾದ ಅನೇಕರು ಬಂಧನಕ್ಕೊಳಗಾದರು. ಜನರು ನೋಡಲೆಂದೇ ನಡೆದ ಕಾರ್ಯವಿದು. ಆ ಅರ್ಥದಲ್ಲಿ ಇದೂ ಪ್ರದರ್ಶನವೇ ಸರಿ. ಆದರೂ ಇದನ್ನು ನಾವು ಟೊಳ್ಳೆನ್ನುವುದಿಲ್ಲ. ಏಕೆಂದರೆ ಕೊಡಲಿ ಎತ್ತಿದವನು ಸೆರೆಮನೆಯನ್ನು ಬೆಲೆಯಾಗಿ ತೆರಲು ಸಿದ್ಧನಾಗಿದ್ದನು.

ಬೆರಳೊಂದರ ಸ್ಪರ್ಶಕ್ಕೆ ಅಂತಹ ಬೆಲೆಯಿಲ್ಲ. ಸಂದೇಹದ ಮೂಲವು ಇಲ್ಲಿದೆ. ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್‌ನ ಹತ್ಯೆಯಾದ ಬಳಿಕ, 2020ರ ಜೂನ್ 2ರಂದು ಲಕ್ಷಾಂತರ ಜನರು ಇನ್‌ಸ್ಟಾಗ್ರಾಂನಲ್ಲಿ ಕಪ್ಪು ಚೌಕವನ್ನು ಪ್ರಕಟಿಸಿದರು. ಅನೇಕರು ಚಳವಳಿಯ ಗುರುತುಪದವನ್ನೇ ಅದಕ್ಕೆ ಸೇರಿಸಿದುದರಿಂದ, ಪ್ರತಿಭಟನೆಗಾರರಿಗೆ ಅವಶ್ಯವಾದ ಸುದ್ದಿಗಳು ಆ ಚೌಕಗಳ ರಾಶಿಯಲ್ಲಿ ಹೂತುಹೋದುವೆಂದು ಚಳವಳಿಗಾರರೇ ಆಕ್ಷೇಪಿಸಿದರು. ಭಾವನೆಯು ಪ್ರಾಮಾಣಿಕವಾಗಿದ್ದರೂ ಪರಿಣಾಮವು ವಿಪರೀತವಾಗಬಹುದೆಂಬುದಕ್ಕೆ ಇದು ಸಾಕ್ಷಿ. ಇದಕ್ಕೆ ಪ್ರತಿಯಾಗಿ, 2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶರ ಹತ್ಯೆಯಾದಾಗ ಹಬ್ಬಿದ ‘ನಾನು ಗೌರಿ’ ಎಂಬ ಘೋಷವು ಪರದೆಯಲ್ಲಿಯೇ ನಿಲ್ಲಲಿಲ್ಲ. ಅದೇ ತಿಂಗಳ 12ರಂದು ಸಹಸ್ರಾರು ಜನರು ಬೆಂಗಳೂರಿನಲ್ಲಿ ಒಂದುಗೂಡಿದರು. ಬೆಲೆಯಿಲ್ಲದ ಚಿಹ್ನೆಯೂ ಬೆಲೆಯುಳ್ಳ ಕಾರ್ಯಕ್ಕೆ ಮೊದಲ ಮೆಟ್ಟಿಲಾಗಬಹುದು.

ಆದುದರಿಂದ ಪ್ರಾಮಾಣಿಕವೋ ಪ್ರದರ್ಶನವೋ ಎಂಬ ವಿಭಜನೆಯೇ ಅಸಮರ್ಪಕವೆಂದು ನಮಗೆ ತೋರುತ್ತದೆ. ಶಾಸನದ ಹಿಂದಿನ ಅರಸನ ಮನಸ್ಸನ್ನಾಗಲಿ, ಪರದೆಯ ಹಿಂದಿನ ಮಿತ್ರನ ಮನಸ್ಸನ್ನಾಗಲಿ ನಾವು ಅಗೆದು ನೋಡಲಾರೆವು. ಕೇಳಬಹುದಾದ ಪ್ರಶ್ನೆಗಳು ಬೇರೆ: ಈ ಚಿಹ್ನೆಗೆ ತೆತ್ತ ಬೆಲೆಯೇನು? ಅದರಿಂದ ನೊಂದವರಿಗೆ ಒದಗಿದುದೇನು? ಅದರ ಮುಂದೆ ನಡೆದ ಕಾರ್ಯವೇನು? ಈ ಪ್ರಶ್ನೆಗಳನ್ನು ಮೊದಲು ನಮಗೆ ನಾವೇ ಹಾಕಿಕೊಳ್ಳತಕ್ಕದ್ದು. ಏನನ್ನೂ ಪ್ರಕಟಿಸದ ಸಹಪಾಠಿಯನ್ನು ಹೃದಯಹೀನನೆಂದು ತೀರ್ಮಾನಿಸುವುದೂ ಅಷ್ಟೇ ದುಡುಕು. ಶಾಸನ ಹಾಕಿಸದೆ ಕೆರೆ ಕಟ್ಟಿದವರು ನಮ್ಮ ನಾಡಿನಲ್ಲಿ ಎಷ್ಟೋ ಜನರಿದ್ದಾರೆ.