ಗುಡ್ಡದ ಮೇಲಿನ ಚಹಾಮನೆ

ಆಸ್ಟಿನ್ ನಗರದ ಪಶ್ಚಿಮಕ್ಕೆ ಸುಣ್ಣಕಲ್ಲಿನ ಗುಡ್ಡಗಳಿವೆ. ಅಲ್ಲಿ ಮನೆ ಕಟ್ಟಿಸುವವರಲ್ಲಿ ಜಪಾನೀ ಶೈಲಿಯ ಒಳಾಂಗಣವನ್ನು ಮೆಚ್ಚುವವರು ಇದ್ದಾರೆ. ಕಡಿಮೆ ಪೀಠೋಪಕರಣ, ಮರದ ನೆಲ, ಪಕ್ಕಕ್ಕೆ ಸರಿಯುವ ಬಾಗಿಲು, ಹಿತವಾದ ಬೆಳಕು. ಇದೆಲ್ಲ ಬರೀ ಅಲಂಕಾರವೇ? ಇದರ ಹಿಂದಿನ ವಿಚಾರ ತಿಳಿಯಬೇಕಾದರೆ ಜಿಲ್ಕರ್ ಬೊಟಾನಿಕಲ್ ಗಾರ್ಡನ್‌ನಲ್ಲಿರುವ ತನಿಗುಚಿ ಜಪಾನೀ ಉದ್ಯಾನವನ್ನೂ ಅಲ್ಲಿಯ ಚಹಾಮನೆಯನ್ನೂ ಒಮ್ಮೆ ನೋಡಬೇಕು.

ಇದನ್ನು ಕಟ್ಟಿದವರು ಇಸಾಮು ತನಿಗುಚಿ. 1897ರಲ್ಲಿ ಜಪಾನಿನಲ್ಲಿ ಹುಟ್ಟಿದ ಅವರು ಚಿಕ್ಕ ವಯಸ್ಸಿನಲ್ಲೇ ಅಮೆರಿಕಕ್ಕೆ ಬಂದು ಕ್ಯಾಲಿಫೋರ್ನಿಯಾದಲ್ಲಿ ಬೇಸಾಯ ಮಾಡುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಅವರನ್ನು ಬಂಧನದಲ್ಲಿಟ್ಟಿತು. ಅವರನ್ನು ಇಟ್ಟ ಶಿಬಿರಗಳಲ್ಲಿ ನಮ್ಮ ಟೆಕ್ಸಸ್‌ನ ಕ್ರಿಸ್ಟಲ್ ಸಿಟಿಯ ಶಿಬಿರವೂ ಒಂದು. ಯುದ್ಧ ಮುಗಿದ ಮೇಲೆ ಅವರು ಇದೇ ರಾಜ್ಯದ ರಿಯೋ ಗ್ರಾಂಡೆ ಕಣಿವೆಯಲ್ಲಿ ಮತ್ತೆ ನೇಗಿಲು ಹಿಡಿದರು. ಅವರ ಮಗ ಆಲನ್ ತನಿಗುಚಿ ಮುಂದೆ ಟೆಕ್ಸಸ್ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ಶಾಲೆಯ ಡೀನ್ ಆದರು.

ಬೇಸಾಯದಿಂದ ನಿವೃತ್ತರಾಗಿ ಆಸ್ಟಿನ್‌ಗೆ ಬಂದ ಇಸಾಮು, ಸುಮಾರು 70ರ ವಯಸ್ಸಿನಲ್ಲಿ ಈ ಕೆಲಸಕ್ಕೆ ಕೈಹಾಕಿದರು. ಸಂಬಳವಿಲ್ಲ, ಕರಾರು ಇಲ್ಲ. ಸುಮಾರು 3 ಎಕರೆಯ ಕಲ್ಲುಗುಡ್ಡವನ್ನು 18 ತಿಂಗಳಲ್ಲಿ ಉದ್ಯಾನವಾಗಿ ಮಾಡಿದರು. 1969ರಲ್ಲಿ ಅದು ಜನರಿಗೆ ತೆರೆಯಿತು. ಅಣುಬಾಂಬಿನ ಕಾಲದಲ್ಲಿ ಲೋಕಕ್ಕೆ ಶಾಂತಿಯ ಸಂಕೇತವೊಂದು ಬೇಕೆಂಬುದು ಅವರ ಆಸೆಯಾಗಿತ್ತು. ಮಕ್ಕಳೇ, ಅಲ್ಲಿಯ ಕೊಳಗಳನ್ನು ಗಮನವಿಟ್ಟು ನೋಡಿ: ಅವುಗಳಲ್ಲಿ ಕೆಲವನ್ನು ‘ಆಸ್ಟಿನ್’ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳ ಆಕಾರದಲ್ಲಿ ತೋಡಲಾಗಿದೆ!

ಅವರು ಗುಡ್ಡವನ್ನು ಮಟ್ಟಸ ಮಾಡಲಿಲ್ಲ. ಇಳಿಜಾರನ್ನೇ ಬಳಸಿಕೊಂಡು ನೀರು ಮೇಲಿನಿಂದ ಕೆಳಗೆ ಹರಿಯುವಂತೆ ಮಾಡಿ, ಅದರ ಜೊತೆಯಲ್ಲೇ ಕಾಲುದಾರಿ ಬಿಟ್ಟರು. ಗುಡ್ಡದ ಮನೆಗೂ ಇದೇ ಪಾಠ: ನೆಲವನ್ನು ಮನೆಗೆ ಒಗ್ಗಿಸುವ ಬದಲು ಮನೆಯನ್ನು ನೆಲಕ್ಕೆ ಒಗ್ಗಿಸಬೇಕು.

ಇನ್ನು ಜಪಾನೀ ಮನೆಯ ಒಳಗೆ ಬರೋಣ. ಬಾಗಿಲ ಬಳಿಯ ‘ಗೆಂಕಾನ್’ನಲ್ಲಿ ಪಾದರಕ್ಷೆ ಬಿಟ್ಟು ಒಳಗೆ ಹೋಗಬೇಕು. ಇದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ! ನೆಲಕ್ಕೆ ‘ತತಾಮಿ’ ಎಂಬ ದಪ್ಪ ಚಾಪೆ. ಒಂದೊಂದೂ ಸುಮಾರು 6 ಅಡಿ ಉದ್ದ, 3 ಅಡಿ ಅಗಲ. ಕೋಣೆಯ ಅಳತೆಯನ್ನೇ ಇಷ್ಟು ಚಾಪೆ ಎಂದು ಹೇಳುವುದು ವಾಡಿಕೆ. ಬೆಳಗ್ಗೆ ಹಾಸಿಗೆ ಮಡಚಿಟ್ಟರೆ ಮಲಗುವ ಕೋಣೆಯೇ ಕೂರುವ ಕೋಣೆ. ನಮ್ಮ ಅಜ್ಜಿಯ ಮನೆಯ ನಡುಮನೆಯೂ ಹೀಗೆಯೇ ಇತ್ತಲ್ಲವೇ?

‘ಶೋಜಿ’ ಎಂದರೆ ಮರದ ಚೌಕಟ್ಟಿಗೆ ಕಾಗದ ಅಂಟಿಸಿದ, ಪಕ್ಕಕ್ಕೆ ಸರಿಸುವ ತೆರೆ. ಅದು ಬಿಸಿಲನ್ನು ಸೋಸಿ ತಂಪು ಬೆಳಕನ್ನಷ್ಟೇ ಒಳಗೆ ಬಿಡುತ್ತದೆ. ‘ಎಂಗಾವಾ’ ಎಂದರೆ ಹೆಚ್ಚುಕಡಿಮೆ ನಮ್ಮ ಜಗಲಿ. ಅದರ ಮೇಲೆ ಚಾಚಿದ ಸೂರು ಬೇಸಿಗೆಯಲ್ಲಿ ನೆತ್ತಿಯ ಮೇಲಿನ ಸೂರ್ಯನನ್ನು ತಡೆಯುತ್ತದೆ; ಚಳಿಗಾಲದಲ್ಲಿ ಕೆಳಗಿಳಿದ ಸೂರ್ಯನ ಬಿಸಿಲನ್ನು ಒಳಗೆ ಬಿಡುತ್ತದೆ. ಟೆಕ್ಸಸ್‌ನ ಬಿಸಿಲಿಗೆ ಇದಕ್ಕಿಂತ ಸುಲಭದ ಉಪಾಯ ಬೇಕೆ?

ಸಾಂಪ್ರದಾಯಿಕ ಚಹಾಕೋಣೆಯ ಬಾಗಿಲು ಬಹಳ ಚಿಕ್ಕದು. ಯೋಧನಾದರೂ ಕತ್ತಿಯನ್ನು ಹೊರಗಿಟ್ಟು, ತಲೆಬಾಗಿ ಒಳಗೆ ಹೋಗಬೇಕಿತ್ತು. ಒಳಗೆ ಎಲ್ಲರೂ ಸಮಾನರು.

ಹ್ಯೂಸ್ಟನ್‌ನ ಹರ್ಮನ್ ಪಾರ್ಕ್‌ನಲ್ಲಿ 1992ರಲ್ಲಿ ತೆರೆದ ಜಪಾನೀ ಉದ್ಯಾನವಿದೆ. ಡಲ್ಲಾಸ್‌ನವರಿಗೆ ಹತ್ತಿರದ ಫೋರ್ಟ್ ವರ್ತ್‌ನಲ್ಲಿ, ಹಿಂದೆ ಜಲ್ಲಿ ತೆಗೆದ ಹಳ್ಳವಿದ್ದ ಜಾಗದಲ್ಲಿ 1973ರಿಂದ ಇನ್ನೊಂದಿದೆ. ರಜೆಯಲ್ಲಿ ಅಪ್ಪ ಅಮ್ಮನ ಜೊತೆ ಹೋಗಿ ಬನ್ನಿ.

ತನಿಗುಚಿ 1992ರಲ್ಲಿ ತೀರಿಕೊಂಡರು. ತಮ್ಮನ್ನು ಒಮ್ಮೆ ಮುಳ್ಳುತಂತಿಯ ಬೇಲಿಯೊಳಗೆ ಇಟ್ಟಿದ್ದ ರಾಜ್ಯಕ್ಕೆ ಅವರು ತೋಟವೊಂದನ್ನು ಕೊಟ್ಟುಹೋದರು. ಹುಟ್ಟಿದ ನಾಡಿನ ವಿದ್ಯೆಯನ್ನು ಬಂದ ನಾಡಿಗೆ ಕೊಡುವುದು ಹೇಗೆ ಎಂಬುದು ದೂರದೇಶದಲ್ಲಿ ಕನ್ನಡ ಕಲಿಯುತ್ತಿರುವ ನಮ್ಮ ಮಕ್ಕಳೂ ಯೋಚಿಸಬೇಕಾದ ವಿಷಯವೇ.