ಮಂದ ಆಯಿಲ್ ಹಾಕಿದರೆ ಎಂಜಿನ್‌ಗೆ ಬಲ ಬರುತ್ತದೆಯೇ?

ಹೆಡತಲೆಯಂಥ ಊರುಗಳಲ್ಲಿ ಹಿಂದೆ ಕಾರು ಬಂದು ನಿಂತರೆ, ಯಾರ ಮನೆಗೋ ದೂರದ ನೆಂಟರು ಬಂದಿದ್ದಾರೆಂದು ಜನ ತಿಳಿಯುತ್ತಿದ್ದರು. ಈಗ ಹಾಗಿಲ್ಲ. ಕಬ್ಬಿನ ಹಣದಲ್ಲಿ ಕೊಂಡದ್ದು, ಗಲ್ಫ್‌ನಿಂದ ಮಗ ಕಳಿಸಿದ ದುಡ್ಡಿನಲ್ಲಿ ಕೊಂಡದ್ದು, ಒಡವೆ ಅಡವಿಟ್ಟು ಟ್ಯಾಕ್ಸಿಗೆಂದು ಕೊಂಡದ್ದು, ಹೀಗೆ ಹಲವು ಮನೆಗಳ ಮುಂದೆ ಒಂದೊಂದು ವಾಹನವಿದೆ. ಕಾರು ಕೊಳ್ಳುವಾಗ ಮನೆಯ ಹೆಂಗಸರನ್ನು ತಪ್ಪದೆ ಕೇಳುತ್ತಾರೆ, ಒಡವೆ ಅವರದ್ದಲ್ಲವೇ! ಆದರೆ ಅದಕ್ಕೆ ಯಾವ ಆಯಿಲ್ ಹಾಕಬೇಕೆಂಬ ಮಾತು ಬಂದಾಗ ಯಾರೂ ಕೇಳುವುದಿಲ್ಲ. "ಅಮ್ಮಿ, ರೇಸ್ ಕಾರಿಗೆ ಹಾಕೋ ಮಂದ ಆಯಿಲ್ ಹಾಕಿಸ್ತೀನಿ, ಗಾಡಿ ಹಾರುತ್ತೆ" ಎಂದು ಮಗ ಹೇಳಿದರೆ, ಸರಿಯೋ ತಪ್ಪೋ ತಿಳಿಯದೆ ಹಣ ಎಣಿಸಿ ಕೊಡುತ್ತೇವೆ. ಓದುಗ ಸಹೋದರಿಯರೇ, ಈ ವಿಷಯ ನಿಮಗೆ ಕಷ್ಟವೇನಲ್ಲ. ಅಡುಗೆಮನೆ ಬಲ್ಲವರಿಗೆ ಇದು ಅರ್ಧ ಗೊತ್ತಿರುವ ವಿಷಯವೇ.

ಬೆಲ್ಲದ ಪಾಕದ ಲೆಕ್ಕ

ಒಲೆಯ ಮೇಲಿನ ಬೆಲ್ಲದ ಪಾಕ ಬಿಸಿಯಿರುವಾಗ ಸರಾಗವಾಗಿ ಹರಿಯುತ್ತದೆ. ಆರಿದರೆ ಸೌಟಿಗೆ ಅಂಟಿಕೊಳ್ಳುತ್ತದೆ. ದ್ರವ ಹರಿಯಲು ತೋರುವ ಈ ಬಿಗಿತಕ್ಕೆ ಸ್ನಿಗ್ಧತೆ ಎನ್ನುತ್ತಾರೆ. ಎಂಜಿನ್ ಆಯಿಲ್‌ಗೂ ಇದೇ ಗುಣ. ತಣ್ಣಗಿದ್ದಾಗ ಮಂದ, ಕಾದಾಗ ತೆಳು.

ಡಬ್ಬಿಯ ಮೇಲೆ 5ಡಬ್ಲ್ಯು-30, 20ಡಬ್ಲ್ಯು-50 ಎಂಬ ಬರಹ ನೋಡಿರುತ್ತೀರಿ. ಇಲ್ಲಿ ಡಬ್ಲ್ಯು ಎಂದರೆ ಇಂಗ್ಲಿಷಿನ ವಿಂಟರ್, ಅಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸುಲಭವಾಗಿ ಹರಿಯುತ್ತದೆಂದು ತಿಳಿಸುತ್ತದೆ. ಅಂಕಿ ಕಡಿಮೆಯಾದಷ್ಟೂ ಹರಿವು ಸುಲಭ. ಮುಂದಿನ ಅಂಕಿ ಎಂಜಿನ್ ಕಾದ ಮೇಲಿನ ಸ್ನಿಗ್ಧತೆಯದು. ಇದನ್ನು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆಯುತ್ತಾರೆ. 5ಡಬ್ಲ್ಯು ಆಯಿಲನ್ನು ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲಿ ಪರೀಕ್ಷಿಸಿರುತ್ತಾರೆ. ನಂಜನಗೂಡಿನಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? ಆದ್ದರಿಂದ ನಮ್ಮ ಸೀಮೆಯಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಎರಡನೆಯ ಅಂಕಿಯನ್ನು.

ಹಿರಿಯರ ಮಾತು ಸುಳ್ಳಲ್ಲ, ಕಾಲ ಬೇರೆ

"ಮಂದ ಆಯಿಲೇ ಒಳ್ಳೆಯದು" ಎಂಬ ಮಾತು ಹಿರಿಯರಿಂದ ಬಂದದ್ದು. ಅವರ ಕಾಲದ ಎಂಜಿನ್‌ಗಳ ಭಾಗಗಳ ನಡುವೆ ಸಂದು ಹೆಚ್ಚಿತ್ತು. ಆ ಸಂದು ತುಂಬಲು ಮಂದ ಆಯಿಲ್ ಬೇಕಿತ್ತು. ನಮ್ಮ ಮೈಸೂರಿನಲ್ಲೇ ಐಡಿಯಲ್ ಜಾವಾ ಕಾರ್ಖಾನೆ 1996ರವರೆಗೆ ಮೋಟಾರ್ ಸೈಕಲ್ ತಯಾರಿಸುತ್ತಿತ್ತು. ಆ ಜಾವಾ, ಯೆಜ್ಡಿಗಳ ಟೂ ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕುತ್ತಿದ್ದರು. ಅದು ಪೆಟ್ರೋಲಿನೊಂದಿಗೆ ಉರಿದು ಹೊಗೆಯಾಗಿ ಹೋಗುತ್ತಿತ್ತು. ಇಂದಿನ ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಆಯಿಲ್ ಅಡಿಯ ತೊಟ್ಟಿಯಲ್ಲೇ ಇದ್ದು, ಸಾವಿರಾರು ಕಿಲೋಮೀಟರ್ ಸುತ್ತುತ್ತಲೇ ಇರುತ್ತದೆ. ಭಾಗಗಳ ಸಂದು ಕೂದಲೆಳೆಗಿಂತ ಕಿರಿದು. ವಾಲ್ವ್ ತೆರೆಯುವ ಸಮಯವನ್ನು ಹೊಂದಿಸುವ ಭಾಗಗಳೂ ಹಲವು ಕಾರುಗಳಲ್ಲಿ ಆಯಿಲ್‌ನ ಒತ್ತಡದಿಂದಲೇ ನಡೆಯುತ್ತವೆ. ಅದಕ್ಕಾಗಿಯೇ ಈಗಿನ ಎಷ್ಟೋ ಪೆಟ್ರೋಲ್ ಕಾರುಗಳಿಗೆ ಕಂಪೆನಿಯವರು 0ಡಬ್ಲ್ಯು-20ರಂಥ ತೆಳು ಆಯಿಲ್ ಹೇಳುತ್ತಾರೆ.

ಇಂಥ ಕಾರಿಗೆ 20ಡಬ್ಲ್ಯು-50 ಸುರಿದರೆ ಏನಾಗುತ್ತದೆ? ಬೆಳಿಗ್ಗೆ ಚಾಲೂ ಮಾಡಿದಾಗ ಆಯಿಲ್ ಮೇಲಿನ ಭಾಗಗಳಿಗೆ ತಡವಾಗಿ ಮುಟ್ಟುತ್ತದೆ. ಅಷ್ಟು ಹೊತ್ತು ಲೋಹ ಲೋಹಕ್ಕೆ ಉಜ್ಜುತ್ತದೆ. ಮಂದ ಆಯಿಲನ್ನು ತಳ್ಳಲು ಎಂಜಿನ್ನಿನ ಶಕ್ತಿ ವ್ಯರ್ಥವಾಗಿ ಪೆಟ್ರೋಲ್ ಹೆಚ್ಚು ಸುಡುತ್ತದೆ. ಗಾಡಿ ಹಾರುವುದಿರಲಿ, ಇದ್ದ ಬಲವೂ ಕಡಿಮೆಯಾಗುತ್ತದೆ.

ಹಾಗಾದರೆ ರೇಸಿನವರು ಮಂದ ಆಯಿಲ್ ಹಾಕುವುದೇಕೆ?

ಇದು ನ್ಯಾಯವಾದ ಪ್ರಶ್ನೆ. ರಸ್ತೆಯಲ್ಲಿ ಓಡುವ ಕಾರಿನ ಆಯಿಲ್ ಸಾಮಾನ್ಯವಾಗಿ 90ರಿಂದ 110 ಡಿಗ್ರಿ ಕಾಯುತ್ತದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗಳಂಥ ಕಡೆ ಬಿಡುವಿಲ್ಲದೆ ಓಡಿಸಿದರೆ ಅದು 130 ಡಿಗ್ರಿ ದಾಟಬಹುದು. ಆಗ ತೆಳು ಆಯಿಲ್ ನೀರಿನಂತಾಗಿ, ಬೇರಿಂಗ್‌ಗಳ ನಡುವಿನ ಪದರ ಹರಿದುಹೋಗುತ್ತದೆ. ಬೇರಿಂಗ್ ಹೋಯಿತೆಂದರೆ ಎಂಜಿನ್ ಬಿಚ್ಚಲೇಬೇಕು. ಬಿಎಂಡಬ್ಲ್ಯು ಕಂಪೆನಿ ತನ್ನ ಎಂ3ಯ ಕೆಲವು ಹಳೆಯ ಮಾದರಿಗಳಿಗೆ 10ಡಬ್ಲ್ಯು-60 ಹೇಳಿದ್ದು ಈ ಕಾರಣಕ್ಕೇ. ಆ ಎಂಜಿನ್‌ಗಳನ್ನು ರೂಪಿಸಿದ್ದೇ ಹಾಗೆ.

ಇನ್ನೊಂದು ಸೂಕ್ಷ್ಮ ವಿಷಯವಿದೆ. 150 ಡಿಗ್ರಿ ಬಿಸಿಯಲ್ಲಿ, ಜೋರಾದ ತಿಕ್ಕಾಟದಲ್ಲಿ ಆಯಿಲ್ ಎಷ್ಟು ತಾಳುತ್ತದೆಂದು ಅಳೆಯುವ ಪರೀಕ್ಷೆಯೊಂದಿದೆ. 5ಡಬ್ಲ್ಯು-30 ಎಂಬ ಹೆಸರಿಗೆ ಅದರಲ್ಲಿ ಕನಿಷ್ಠ 2.9 ಅಂಕ ಸಾಕು. ಆದರೆ ಯುರೋಪಿನ ಎ3 ಅಥವಾ ಸಿ3 ಗುರುತಿರುವ ಆಯಿಲ್‌ಗೆ 3.5 ಬೇಕು. ಅಂದರೆ ಒಂದೇ ಹೆಸರಿನ ಎರಡು ಡಬ್ಬಿಗಳು ಒಂದೇ ಅಲ್ಲ. ಟ್ರ್ಯಾಕಿಗೆ ಹೋಗುವವರು ಅಂಕಿಯ ಜೊತೆ ಈ ಗುರುತನ್ನೂ ನೋಡಬೇಕು. ಕಂಪೆನಿಯ ಕೈಪಿಡಿ ಒಪ್ಪಿದರೆ ಮಾತ್ರ ಒಂದು ಮೆಟ್ಟಿಲು, ಅಂದರೆ 30ರಿಂದ 40ಕ್ಕೆ ಏರಬೇಕು. ಜೋರಾಗಿ ತಿರುಗುವಾಗ ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪ್ ಗಾಳಿ ಹೀರುವುದೂ ಉಂಟು. ಇದಕ್ಕೆ ಮಂದ ಆಯಿಲ್ ಮದ್ದಲ್ಲ. ಮಟ್ಟ ಕಡ್ಡಿಯ ಮೇಲಿನ ಗೆರೆಯ ಹತ್ತಿರವಿರಬೇಕು, ಗೆರೆ ದಾಟಲೂಬಾರದು.

ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ರ‍್ಯಾಲಿಯ ಮಹಿಳಾ ವಿಭಾಗದಲ್ಲಿ ವಿಶ್ವಕಪ್ ಗೆದ್ದಿದ್ದು ಮೋಟಾರ್ ಸೈಕಲ್ ಮೇಲೆ. ಅದರ ಹಿಂದೆ ಅಭ್ಯಾಸ, ಹೆಲ್ಮೆಟ್ಟು, ನಿಯಮ, ವೈದ್ಯರು ಎಲ್ಲ ಇದ್ದವು. ನಂಜನಗೂಡು ರಸ್ತೆಯಲ್ಲಿ ಕಬ್ಬಿನ ಗಾಡಿಗಳ ನಡುವೆ ರೇಸ್ ಮಾಡುವ ಮಗನಿಗೆ ಇದಾವುದೂ ಇಲ್ಲ. ಎಂಜಿನ್ ಕೆಟ್ಟರೆ ರಿಪೇರಿಯಾದೀತು. ಮಗ?

ಮನೆಯಲ್ಲಿ ನೀವು ನೋಡಬೇಕಾದ್ದು

ಮೊದಲು ವಾಹನದ ಕೈಪಿಡಿ ತೆಗೆದು ಆಯಿಲ್‌ನ ಪುಟ ಓದಿಸಿ. ಎರಡು ಅಂಕಿಗಳನ್ನೂ, ಎಪಿಐ ಮುಂತಾದ ಗುರುತನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಗ್ಯಾರೇಜಿಗೆ ಆ ಚೀಟಿ ಹೋಗಲಿ.

ಕಾರಿನ ಆಯಿಲನ್ನು ಬೈಕಿಗೆ ಹಾಕಬೇಡಿ. ಹೆಚ್ಚಿನ ಬೈಕ್‌ಗಳ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುತ್ತದೆ, ಜಾರತೊಡಗುತ್ತದೆ. ಬೈಕಿಗೆ ಜಾಸೋ ಎಂಎ ಗುರುತಿರಲಿ. ಗೇರಿಲ್ಲದ ಸ್ಕೂಟರಿಗೆ ಸಾಮಾನ್ಯವಾಗಿ ಎಂಬಿ ಹೇಳಿರುತ್ತಾರೆ.

2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಕಾರಾದರೆ ಅದರ ಹೊಗೆ ಸೋಸುವ ಫಿಲ್ಟರಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು. ಸ್ನಿಗ್ಧತೆ ಸರಿಯಿದ್ದ ಮಾತ್ರಕ್ಕೆ ಸಾಲದು.

ಮೊಹರು ಒಡೆಯದ ಡಬ್ಬಿ ಕೊಳ್ಳಿ, ಬಿಲ್ ಜೋಪಾನ ಮಾಡಿ. ವಾರಂಟಿ ಕೇಳುವ ದಿನ ಅದೇ ಸಾಕ್ಷಿ. ತೆಗೆದ ಹಳೆಯ ಆಯಿಲನ್ನು ನಾಲೆಗೆ, ಬಚ್ಚಲಿಗೆ ಸುರಿಯಲು ಬಿಡಬೇಡಿ. ಅದು ನೀರನ್ನೂ ಮಣ್ಣನ್ನೂ ಕೆಡಿಸುತ್ತದೆ. ಮಕ್ಕಳ ಕೈಗೂ ತಾಗದಿರಲಿ. ಅದನ್ನು ಸಂಗ್ರಹಿಸುವ ಗ್ಯಾರೇಜಿಗೇ ಕೊಡಿಸಿ.

ಮುಂದಿನ ಸಲ ಮಗನೋ ಮನೆಯವರೋ ಆಯಿಲ್‌ಗೆ ಹಣ ಕೇಳಿದಾಗ, "ಕೈಪಿಡಿಯಲ್ಲಿ ಎಷ್ಟು ಹೇಳಿದ್ದಾರೆ?" ಎಂದು ಕೇಳಿ ನೋಡಿ. ಉತ್ತರ ಸಿಕ್ಕ ಮೇಲೆ ಹಣ ಕೊಟ್ಟರಾಯಿತು.